ಒತ್ತಿದರೆ ನಗುವ ಮುಖ

“ಹಲ್ಲು ಬಿಡು ಅಂದ್ರೆ ಹೆಣ ಕಾಯೋಳ ಥರ ನಿಂತಿದೀಯಲ್ಲೇ, ಮುಂಡೇದೆ! ನಗು! ಬೆಳಗಾಗೆದ್ದು ಜನ ನಿನ್ನ ಮುಖ ನೋಡ್ಬೇಕು. ಊಟ ಸೇರ್ಬೇಕೋ ಬೇಡ್ವೋ ಅವರಿಗೆ?”

ಹೀಗೆ ಕೂಗಿದವನು ಹಡಗಿನಲ್ಲಿ ಕೋಣೆ ಗುಡಿಸುವ ಹೆಂಗಸರ ಮೇಲ್ವಿಚಾರಕ. ಯಾರನ್ನೂ ಹೆಸರು ಹಿಡಿದು ಕರೆದವನಲ್ಲ, ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರೆ ಹತ್ತಿರವಿದ್ದವಳು ಓಡಿ ಬರಬೇಕು. ಹೆಂಗಸರು ಅವನಿಗೆ ಶಿಳ್ಳೆ ಅಂತಲೇ ಹೆಸರಿಟ್ಟಿದ್ದರು. ಈಗ ಬೈಸಿಕೊಂಡವಳಿಗೆ ಅವನಿಟ್ಟ ಹೆಸರು ಮೂಕಿ. ಎರಡೂ ಹೆಸರುಗಳು ಹಡಗಿನಲ್ಲಿ ಬಣ್ಣದ ಹಾಗೆ ಅಂಟಿಕೊಂಡಿದ್ದವು.

ಮೂಕಿ ಬಿಳಿ ಹಾಸಿಗೆ ಬಟ್ಟೆಯೊಂದನ್ನು ಇಳಿಬಿಟ್ಟ ಗೋಡೆಯ ಮುಂದೆ ನಿಂತಿದ್ದಳು. ಮೇಲೆ ಯಾರದೋ ಇಸ್ತ್ರಿ ಮಾಡಿದ ಕೋಟು, ಕೆಳಗೆ ಅವಳದೇ ಒದ್ದೆ ಲಂಗ. ನೆಲ ಒರೆಸುತ್ತಿದ್ದವಳನ್ನು ಅರ್ಧಕ್ಕೇ ಎಬ್ಬಿಸಿ ಕರೆತಂದಿದ್ದರು. ಕ್ಯಾಮೆರಾ ಎದೆಯಿಂದ ಮೇಲಷ್ಟೇ ನೋಡುತ್ತದೆ, ಲಂಗದ ಚಿಂತೆ ಬೇಡ ಅಂದಿದ್ದ ಕ್ಯಾಮೆರಾದವನು. ಲಂಗದಿಂದ ನೀರು ಇಳಿದು ಕಾಲಬೆರಳ ಸಂದಿಯಲ್ಲಿ ನಿಲ್ಲುತ್ತಿತ್ತು.

“ಸ್ವಾಗತ. ನಾನಿಲ್ಲೇ ಇದ್ದೇನೆ. ಏನು ಬೇಕು ಹೇಳಿ,” ಎಂದಳು ಮೂಕಿ.

“ಸತ್ತೋರು ಸ್ವಾಗತ ಮಾಡ್ದಂಗಿದೆ. ಇನ್ನೊಂದ್ ಸಲ!”

ಹೇಳಿದಳು. ಮತ್ತೆ ಹೇಳಿದಳು. ಕೊನೆಗೆ ಕ್ಯಾಮೆರಾದವನು ಅಯ್ಯೋ ಪಾಪ ಅಂದುಕೊಂಡೋ ಬೇಸತ್ತೋ, ತುಟಿಯ ಎರಡೂ ಕೊನೆಗೆ ಬೆರಳಿಟ್ಟು ತಾನೇ ಮೇಲಕ್ಕೆತ್ತಿ, “ಹೀಗೆ. ಹೀಗೇ ಇಟ್ಕೊಳ್ಳಮ್ಮ,” ಅಂದ. ಹಾಗೇ ಇಟ್ಟುಕೊಂಡಳು. ಸರಿಹೋಯಿತು.

ಆ ಹಡಗಿನ ಕೋಣೆಗಳಲ್ಲಿ ಹೊಸ ಥರದ ಟೀವಿ ಹಾಕಿಸಬೇಕೋ ಬೇಡವೋ ಎಂಬ ಮಾತು ಮೇಲಿನವರಲ್ಲಿ ಬಹಳ ದಿನದಿಂದ ನಡೆದಿತ್ತು. ಬರೀ ನೋಡುವ ಟೀವಿಯಲ್ಲ, ಮುಟ್ಟಿದರೆ ಮರುಮಾತಾಡುವ ಟೀವಿ. ತಿಂಡಿ ಬೇಕಾದರೆ ಅದರಲ್ಲೇ ಒತ್ತಬೇಕು, ಟವೆಲ್ಲು ಬೇಕಾದರೆ ಅದರಲ್ಲೇ. ಗುಡಿಸುವವಳ ಮುಖವೂ ಅದರಲ್ಲೇ ಇರುತ್ತದೆ. ಮುಖ ಒತ್ತಿದರೆ ಅವಳ ಮಣಿಕಟ್ಟಿಗೆ ಕಟ್ಟಿದ ಪಟ್ಟಿ ಗುಂಯ್ ಎನ್ನುತ್ತದೆ. ಬಂದು ಹೋದಮೇಲೆ ಅವಳಿಗೆಷ್ಟು ನಕ್ಷತ್ರ ಎಂದು ಟೀವಿಯೇ ಕೇಳುತ್ತದೆ. ಒಂದು ಸಾಲು ಕೋಣೆಗಳಿಗೆ ಹಾಕಿ ನೋಡೋಣ, ಸರಿಬಂದರೆ ಇಡೀ ಹಡಗಿಗೆ ಅಂತ ತೀರ್ಮಾನವಾಗಿ, ಪರೀಕ್ಷೆಗೆ ಸಿಕ್ಕಿದ್ದು ಮೂಕಿಯ ಸಾಲು.

ಮೊದಲ ದಿನ ಮೈ ಜುಮ್ಮೆಂದಿತ್ತು. ಅವಳು ಮಂಚದಡಿ ಕೈಯಿಟ್ಟು ಕಸ ಎಳೆಯುತ್ತಿದ್ದರೆ ಗೋಡೆಯ ಮೇಲೆ ಅವಳೇ ನಗುತ್ತ, ನಾನಿಲ್ಲೇ ಇದ್ದೇನೆ ಎನ್ನುತ್ತಿದ್ದಳು. ಹಾಸಿಗೆಯ ಕಲೆಯ ಮೇಲೆ ಬಗ್ಗಿದ್ದರೆ ಬೆನ್ನ ಹಿಂದಿನಿಂದ, ಏನು ಬೇಕು ಹೇಳಿ ಎನ್ನುತ್ತಿದ್ದಳು. ಆಮೇಲಾಮೇಲೆ ಏನೂ ಅನ್ನಿಸಲಿಲ್ಲ. ಕಾಲು ಜೋಮು ಹಿಡಿದಾಗ ಮೊದಲು ಚುಚ್ಚಿ, ಬರಬರುತ್ತ ಅದು ಇನ್ನಾರದೋ ಕಾಲು ಅನ್ನಿಸುವುದಿಲ್ಲವೇ, ಹಾಗೆ.

ಒಂದು ಮಧ್ಯಾಹ್ನ ಪಟ್ಟಿ ಗುಂಯ್ ಅಂದಿತು. ಓಡಿದಳು. ಮಂಚದ ಮೇಲೆ ಗಂಡ ಬಿದ್ದುಕೊಂಡಿದ್ದ, ಕನ್ನಡಿಯ ಮುಂದೆ ಹೆಂಡತಿ ಕೂತಿದ್ದಳು.

“ಏನ್ ಬೇಕಿತ್ತು ಸಾರ್?”

“ನೋಡಿದ್ಯೇನೇ? ಒತ್ತಿದ ತಕ್ಷಣ ಬಂತು!” ಗಂಡ ಎದ್ದು ಕೂತ.

“ಅಯ್ಯೋ, ಓಡಿ ಬಂದಿದೆ ಕಣ್ರೀ. ಏದುಸಿರು ನೋಡಿ.”

“ಏನೂ ಬೇಡ, ಹೋಗಮ್ಮ. ಸುಮ್ನೆ ಪರೀಕ್ಷೆ ಮಾಡಿದ್ದು.”

ಸಾಲಿನ ತುದಿ ಮುಟ್ಟುವಷ್ಟರಲ್ಲಿ ಮತ್ತೆ ಗುಂಯ್. ಮತ್ತೆ ಅದೇ ಬಾಗಿಲು. “ಈ ಸಲ ಇನ್ನೂ ಬೇಗ ಬರತ್ತಾ ಅಂತ ನಮ್ಮಿಬ್ಬರಿಗೂ ಪಂದ್ಯ,” ಎಂದ ಗಂಡ. ಹೆಂಡತಿ ಸೋತಿದ್ದಳು, ಮುಖ ದಪ್ಪ ಮಾಡಿಕೊಂಡಿದ್ದಳು. ಆ ಕೋಣೆಯಿಂದ ಬಂದ ನಕ್ಷತ್ರ ಕಡಿಮೆ. ಕೆಳಗೆ ಕಾರಣವೂ ಇತ್ತು: ಉಸಿರಾಡುವ ಸದ್ದು ಜೋರು.

“ಹಾಗಾದ್ರೆ ನಾಳೆಯಿಂದ ಉಸಿರು ಕೆಳಗೇ ಇಟ್ಟು ಹೋಗು,” ಎಂದಳು ದೊಡ್ಡಮ್ಮ.

ದೊಡ್ಡಮ್ಮ ಎಂದರೆ ಮೂಕಿಯ ತಾಯಿಯ ಅಕ್ಕ. ತಾಯಿ ಸತ್ತಮೇಲೆ ಸಾಕಿದವಳು, ಈ ಹಡಗಿಗೆ ಕರೆತಂದವಳು, ಕೆಲಸ ಕಲಿಸಿದವಳು. ಇಳಿದು ಹೋಗಲು ಅವಳಿಗೆ ಮನೆಯಿಲ್ಲ. ಕೆಳಗಿನ ಹಂತದಲ್ಲಿ ಗೋಡೆಗೆ ಬಡಿದ ಒಂದು ಮಂಚ, ಅದರ ತಲೆದೆಸೆಗೊಂದು ಮೊಳೆ, ಮೊಳೆಗೊಂದು ಚೀಲ, ಅಷ್ಟೇ ಅವಳ ಮನೆ. ಹಿಂದೊಮ್ಮೆ ಕಟ್ಟಿಕೊಂಡ ಕೊಳವೆ ಬಿಡಿಸುವಾಗ ಅದಕ್ಕೆ ಸುರಿದ ಆಸಿಡ್ ಸಿಡಿದು ಎಡಗೆನ್ನೆ, ಗದ್ದ, ಕತ್ತಿನ ಒಂದು ಭಾಗ ಸುಟ್ಟು ಸುಕ್ಕಾಗಿದ್ದವು. ಹಾಗಾಗಿ ಅವಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಲಿಲ್ಲ. “ಅದನ್ನ ಟೀವಿಗೆ ಹಾಕಿದ್ರೆ ಗಿರಾಕಿಗಳು ಸಮುದ್ರಕ್ಕೆ ಹಾರ್ಕೋತಾರೆ,” ಎಂದಿದ್ದ ಶಿಳ್ಳೆ. ಟೀವಿಯಲ್ಲಿ ಮುಖವಿಲ್ಲದವಳಿಗೆ ಪಟ್ಟಿಯೂ ಇಲ್ಲ. ಸಾಲಿಗೆ ಇಬ್ಬರಿದ್ದರೂ ಟೀವಿಯ ಲೆಕ್ಕದಲ್ಲಿ ಒಬ್ಬಳೇ.

ಇಬ್ಬರೂ ಅದಕ್ಕೊಂದು ದಾರಿ ಮಾಡಿಕೊಂಡರು. ಮೊದಲಿನಿಂದಲೂ ದೊಡ್ಡಮ್ಮನದು ಬಚ್ಚಲು, ಮೂಕಿಯದು ಹಾಸಿಗೆ. ಈಗ ಪಟ್ಟಿಯನ್ನೂ ಹಂಚಿಕೊಂಡರು. ಮೂಕಿಯ ಕೈ ಯಾರದೋ ವಾಂತಿಯಲ್ಲಿ ಮುಳುಗಿದ್ದರೆ ಪಟ್ಟಿ ಬಿಚ್ಚಿ ದೊಡ್ಡಮ್ಮನ ಕೈಗೆ ಹೋಗುತ್ತಿತ್ತು. ಪಟ್ಟಿ ಯಾರ ಕೈಯಲ್ಲಿದೆಯೋ ಅವಳೇ ಮೂಕಿ.

“ಈಗ ನಾನೇ ನೀನು ಕಣೇ,” ಎನ್ನುತ್ತಿದ್ದಳು ದೊಡ್ಡಮ್ಮ ಪಟ್ಟಿ ಬಿಗಿದುಕೊಳ್ಳುತ್ತ. “ಎಷ್ಟು ಚೆಂದ ಆಗ್ಬಿಟ್ಟೆ ನೋಡು ಒಂದೇ ಏಟಿಗೆ.”

ಟವೆಲ್ಲು ಬಾಗಿಲ ಸಂದಿಯಿಂದ ಕೊಟ್ಟು, ಮುಖ ಆಚೆ ತಿರುಗಿಸಿ ಬಂದುಬಿಡುತ್ತಿದ್ದಳು. ಆದರೆ ಒಂದು ದಿನ ಹಾಲು ಚೆಲ್ಲಿದೆ ಎಂದು ಕರೆ ಬಂತು. ಚೆಲ್ಲಿದ ಹಾಲನ್ನು ಸಂದಿಯಿಂದ ಒರೆಸಲಾಗುವುದಿಲ್ಲ. ಒಳಗೆ ಹೋದಳು. ಮಂಚದ ಮೇಲಿದ್ದ ಮಗು ಟೀವಿಯನ್ನೊಮ್ಮೆ ನೋಡಿತು, ದೊಡ್ಡಮ್ಮನನ್ನೊಮ್ಮೆ ನೋಡಿತು, ಕಿಟಾರನೆ ಕಿರುಚಿತು. ಮಗುವಿನ ತಾಯಿ ಬೈಯಲಿಲ್ಲ. ಟೀವಿಯಲ್ಲಿ ಬರೆದಳು: ಕರೆದದ್ದು ಒಬ್ಬಳನ್ನು, ಬಂದದ್ದು ಇನ್ನೊಬ್ಬಳು.

ಶಿಳ್ಳೆ ಬಂದ. ಸಾಲಿನ ನಟ್ಟನಡುವೆ ದೊಡ್ಡಮ್ಮನನ್ನು ನಿಲ್ಲಿಸಿದ.

“ಏನೇ ಮುದಿ ಲೌಡಿ, ಕಂಪನಿಗೇ ಟೋಪಿ ಹಾಕ್ತೀಯಾ? ಮಗುಗೆ ಜ್ವರ ಬಂದಿದ್ರೆ ನಿಮ್ಮಪ್ಪ ಬರ್ತಿದ್ನಾ ನೋಡ್ಕೊಳ್ಳಕ್ಕೆ?”

“ಹಾಲು ಒರೆಸಿ ಬಂದೆ ಸಾರ್. ಮುಖ ಏನೂ ಚೆಲ್ಲಿ ಬರ್ಲಿಲ್ಲ,” ಎಂದಳು ದೊಡ್ಡಮ್ಮ.

ಅವನು ಗಾಡಿಯಿಂದ ದಿಂಬಿನ ಗವಸೊಂದನ್ನು ಎಳೆದು ಅವಳ ತಲೆಯ ಮೇಲೆ ಎಸೆದ. “ಬಂದರು ಸಿಗೋ ತನಕ ಇದನ್ನ ಹಾಕ್ಕೊಂಡು ಓಡಾಡು. ಬಂದರಲ್ಲಿ ಇಳೀತಾ ಇರು.”

ಗವಸು ಮುಖದ ಅರ್ಧಕ್ಕೆ ಜಾರಿ ನಿಂತಿತು. ದೊಡ್ಡಮ್ಮ ಅದನ್ನು ತೆಗೆದಳು, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು, ಗಾಡಿಯಲ್ಲಿ ಅದರ ಜಾಗದಲ್ಲೇ ಇಟ್ಟಳು. ಮೂಕಿ ನೋಡುತ್ತಿದ್ದಳು. ಸಿಟ್ಟು ಬರಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಕಾದಳು. ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಶಿಳ್ಳೆ ಅವಳೊಬ್ಬಳನ್ನೇ ಬಟ್ಟೆ ಕೋಣೆಗೆ ಕರೆದ. ದನಿ ಬೆಣ್ಣೆಯಾಗಿತ್ತು. ಹಡಗಿನ ಯಜಮಾನಿ ಈ ಸಲ ಹಡಗಿನಲ್ಲೇ ಇದ್ದಾಳೆ, ನಾಳೆ ಸಾಲು ನೋಡಲು ಬರುತ್ತಾಳೆ, ಕೆಲಸದವರ ಬಾಯಿಂದಲೇ ಕೇಳಬೇಕಂತೆ. ಟೀವಿ ಬಂದಮೇಲೆ ಕೆಲಸ ಹಗುರವಾಗಿದೆ, ಇಡೀ ಸಾಲನ್ನು ನಾನೊಬ್ಬಳೇ ನೋಡಿಕೊಳ್ಳುತ್ತೇನೆ ಅಂತ ಹೇಳಬೇಕು. ಅಷ್ಟೇ.

“ಒಬ್ಬಳೇ ಅಂದ್ರೆ?”

“ಒಬ್ಬಳೇ ಅಂದ್ರೆ ಒಬ್ಬಳೇ. ಹೇಳಿದ್ರೆ ನಿನ್ನ ಮುದುಕಿ ಬಟ್ಟೆ ಒಗೆಯೋ ಕಡೆ ಇರ್ಲಿ. ಅಲ್ಲಿ ಮುಖ ಯಾರು ನೋಡ್ತಾರೆ? ಹೇಳ್ದೆ ಹೋದ್ರೆ ನಾಡಿದ್ದು ಬಂದರು.”

ಊಟದ ಹೊತ್ತಿಗೆ ಮಾತು ಹಬ್ಬಿತ್ತು. ಕೆಳಹಂತದಲ್ಲಿ ಮಂಚದ ಅಂಚಿಗೆ ತಟ್ಟೆಯಿಟ್ಟುಕೊಂಡು ಹೆಂಗಸರು ಕೂತಿದ್ದರು.

“ನಂಗೇನೋ ಟೀವಿ ಬಂದ್ರೆ ಬರ್ಲಿ ಅನ್ಸತ್ತೆ,” ಎಂದಳು ಪಕ್ಕದ ಸಾಲಿನ ಉದ್ದನೆಯವಳು. ಅಷ್ಟೆತ್ತರ ಇದ್ದುದರಿಂದ ಎಲ್ಲರೂ ಅವಳನ್ನು ಉದ್ದಕ್ಕ ಎನ್ನುತ್ತಿದ್ದರು. “ಬಾಯ್ಬಿಟ್ಟು ಬೈಯೋದಾದ್ರೂ ತಪ್ಪತ್ತೆ. ನಕ್ಷತ್ರ ಕಿತ್ಕೊಂಡು ಸುಮ್ನಾಗ್ತಾರೆ.”

“ಆಮೇಲೆ ನಿನ್ನ ಜೊತೆಯವಳನ್ನೂ ಕಿತ್ಕೋತಾರೆ, ಆಗ ಸುಮ್ನಿರು,” ಎಂದಳು ಇನ್ನೊಬ್ಬಳು. “ಸಾಲಿಗೊಬ್ಬಳಂತೆ. ಅರ್ಧ ಜನ ಇಳೀಬೇಕು. ಗಂಡಸು ಒಳಗಿರೋ ಕೋಣೆಗೆ ಒಬ್ಬಳೇ ಹೋಗಕ್ಕಾಗತ್ತೇನೇ? ಬಾಗಿಲು ಹಿಡ್ಕೊಂಡು ನಿಲ್ಲೋರು ಯಾರು? ಟೀವಿ ನಿಲ್ಲತ್ತಾ?”

ಉದ್ದಕ್ಕ ಅನ್ನ ಕಲಸುವುದನ್ನು ನಿಲ್ಲಿಸಿ ಮೂಕಿಯ ಕಡೆ ತಿರುಗಿದಳು. “ಏನೇ, ನಾಳೆ ಏನಂತೀಯಾ?”

ಮೂಕಿ ತಟ್ಟೆ ನೋಡುತ್ತಿದ್ದಳು. ದೊಡ್ಡಮ್ಮ ಮಧ್ಯೆ ಬಾಯಿ ಹಾಕಿದಳು. “ಅವಳನ್ನ ಬಿಡ್ರೇ. ತುತ್ತು ನುಂಗ್ಲಿ. ನನ್ನ ಸಲುವಾಗಿ ಯಾರೂ ಏನೂ ಅನ್ಬೇಡಿ. ನೀನೂ ಅಷ್ಟೇ ಕಣೇ.”

ಆ ‘ನೀನೂ ಅಷ್ಟೇ’ ಎನ್ನುವಾಗ ಅವಳ ಕೈ ಗೋಡೆಯ ಮೊಳೆಯ ಮೇಲಿತ್ತು.

ಮರುದಿನ ಬಂದ ಯಜಮಾನಿ ಒಳ್ಳೆಯವಳು. ಕೂತುಕೋ ಎಂದಳು. ಎಲ್ಲಿ ಕೂರಬೇಕೆಂದು ತಿಳಿಯದೆ ಮೂಕಿ ನಿಂತೇ ಇದ್ದಳು. ಯಜಮಾನಿ ಗೋಡೆಯ ಮೇಲಿನ ಮುಖ ಒತ್ತಿದಳು. ಮುಖ ನಕ್ಕಿತು, ಸ್ವಾಗತ ಅಂದಿತು. ಅಲ್ಲೇ ನಿಂತವಳ ಮಣಿಕಟ್ಟು ಗುಂಯ್ ಅಂದಿತು. ಜೊತೆಗೆ ಬಂದವರೆಲ್ಲ ನಕ್ಕರು.

“ನಿನ್ನ ಅಭಿಪ್ರಾಯ ನಮಗೆ ಮುಖ್ಯ ಕಣಮ್ಮ. ಹೆದರ್ಕೋಬೇಡ. ಟೀವಿ ಹಾಕಿದ ಮೇಲೆ ಕೆಲಸ ಹಗುರ ಆಯ್ತಾ?”

ಶಿಳ್ಳೆ ಬಾಗಿಲ ಬಳಿ ನಿಂತು ತನ್ನ ಬೂಟು ನೋಡುತ್ತಿದ್ದ.

“ಆಯ್ತು,” ಎಂದಳು ಮೂಕಿ.

“ಈ ಸಾಲನ್ನೆಲ್ಲ ನೀನೊಬ್ಬಳೇ ನೋಡ್ಕೋತೀಯಾ?”

“ಹೂಂ. ಒಬ್ಬಳೇ.”

“ನೋಡಿದ್ರಾ?” ಯಜಮಾನಿ ಜೊತೆಯವರ ಕಡೆ ತಿರುಗಿದಳು. “ಎಷ್ಟು ಪ್ರೀತಿಯಿಂದ ನಗ್ತಾಳೆ ನೋಡಿ.” ಅವಳು ನೋಡುತ್ತಿದ್ದದ್ದು ಗೋಡೆಯನ್ನು.

ಆ ಸಂಜೆ ಮೂಕಿ ಊಟಕ್ಕೆ ಬಂದಾಗ ಹೆಂಗಸರು ಮಾತು ನಿಲ್ಲಿಸಿದರು. ಉದ್ದಕ್ಕ ತಟ್ಟೆ ಎತ್ತಿಕೊಂಡು ಆಚೆ ಹೋದಳು. ಹೋಗುವಾಗ, “ನಿನ್ನ ಬಾಯಿಗೆ ಮಣ್ ಬೀಳ,” ಎಂದಳು, ಮೆಲ್ಲಗೆ. ದೊಡ್ಡಮ್ಮ ಮಾತ್ರ ಪಕ್ಕದಲ್ಲಿ ಕೂತು ಊಟ ಮಾಡಿದಳು.

ಮೂಕಿ ಶಿಳ್ಳೆಯ ಬಳಿ ಹೋದಳು. ಒಗೆಯೋ ಕಡೆ ದೊಡ್ಡಮ್ಮ ಯಾವಾಗಿಂದ ಹೋಗಬೇಕು ಅಂತ ಕೇಳಿದಳು.

“ಒಗೆಯೋ ಕಡೆ ಜಾಗ ಇಲ್ಲ.”

“ನೀವೇ ಹೇಳಿದ್ರಿ.”

“ಹೇಳ್ದೆ. ನೀನೂ ಹೇಳ್ದೆ. ಆಯ್ತಲ್ಲ, ಇಬ್ಬರೂ ಹೇಳಿದ್ವಿ.” ಹಲ್ಲುಕಡ್ಡಿ ಬಾಯಿಂದ ತೆಗೆದ. “ಬೆಳಿಗ್ಗೆ ಬಂದರು. ಚೀಲ ಕಟ್ಕೊಳ್ಳಕ್ಕೆ ಹೇಳು.”

ಅವಳು ಅಲ್ಲೇ ನಿಂತಿದ್ದಳು.

“ಇನ್ನೇನೇ?”

“ನನ್ನ ಮುಖ ತೆಗೀರಿ.”

“ಏನು?”

“ಟೀವಿಯಿಂದ. ನನ್ನ ಮುಖ ತೆಗೀರಿ ಅಂದೆ.”

ಶಿಳ್ಳೆಗೆ ನಿಜವಾಗಿಯೂ ನಗು ಬಂತು. “ಅದು ನಿಂದಲ್ಲ ಕಣೇ, ಕಂಪನೀದು. ಯಜಮಾನಿಗೆ ಬಹಳ ಹಿಡಿಸಿದೆ. ಎಲ್ಲಾ ಸಾಲಿಗೂ ಅದನ್ನೇ ಹಾಕ್ತಾರಂತೆ. ನೀನಿದ್ರೂ ಅದು ನಗತ್ತೆ, ನೀನು ಇಳಿದು ಹೋದ್ರೂ ನಗತ್ತೆ, ಸತ್ರೂ ನಗತ್ತೆ. ಹೋಗು, ತಲೆ ತಿನ್ಬೇಡ.”

ಬೆಳಿಗ್ಗೆ ದಡ ಕಂಡಿತು. ಕೋಣೆಗಳು ಖಾಲಿಯಾದವು. ಎಲ್ಲರೂ ಕಟಕಟೆಗೆ ಒರಗಿ ದಡವನ್ನು ಬೆರಳು ಮಾಡಿ ತೋರಿಸಿಕೊಳ್ಳುತ್ತಿದ್ದರು. ಮೂಕಿ ಎಂದಿನಂತೆ ಗಾಡಿ ತಳ್ಳಿಕೊಂಡು ತನ್ನ ಸಾಲಿಗೆ ಬಂದಳು. ಮೊದಲ ಕೋಣೆಯ ಬಾಗಿಲು ತೆರೆದಳು. ಹಾಸಿಗೆ ಕೊಡವಲಿಲ್ಲ. ಗಾಡಿಯ ತಳದಿಂದ, ಕಲೆಗಟ್ಟಿದ ತೊಟ್ಟಿ ತಿಕ್ಕುವ ಉಕ್ಕಿನ ನಾರು ತೆಗೆದು ಟೀವಿಯ ಮುಂದೆ ನಿಂತಳು.

ಮುಖ ನಗುತ್ತಿತ್ತು. ಹಣೆಯಿಂದ ಶುರು ಮಾಡಿದಳು.

ಕರ್ ಕರ್ ಎಂದು ಗಾಜು ಗೀರಿತು. ಒತ್ತಿದಂತಾಗಿ ಮುಖ, ಸ್ವಾಗತ ಎಂದಿತು. ಅವಳು ಕಣ್ಣಿನ ಮೇಲೆ ಉಜ್ಜಿದಳು. ನಾನಿಲ್ಲೇ ಇದ್ದೇನೆ ಎಂದಿತು. ಮಣಿಕಟ್ಟು ಗುಂಯ್ ಗುಂಯ್ ಎನ್ನುತ್ತಲೇ ಇತ್ತು. ಅವಸರವಿರಲಿಲ್ಲ, ಸಿಟ್ಟೂ ಇರಲಿಲ್ಲ. ಯಾವ ಕೊಳೆಗಾದರೂ ಕೊಡುವಷ್ಟೇ ಕೈಬಲ ಕೊಟ್ಟು, ಮೂಲೆ ಬಿಡದೆ ಉಜ್ಜಿದಳು. ಗಾಜು ಬೂದಿ ಬಡಿದಂತಾದಾಗ ಎದುರು ಕೋಣೆಗೆ ಹೋದಳು.

ಮೂರನೆಯದರಲ್ಲಿದ್ದಾಗ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಹೆಗಲಿಗೆ ಚೀಲ, ಕಾಲಿಗೆ ಇಳಿಯುವ ದಿನದ ಚಪ್ಪಲಿ. ಹೇಳಿ ಹೋಗಲು ಬಂದವಳು. ಗಾಜು ನೋಡಿದಳು, ನಾರು ನೋಡಿದಳು, ಸೊಸೆಯ ಕೆಲಸ ತಿದ್ದುವ ಅತ್ತೆಯ ಹಾಗೆ ನಾಲಿಗೆ ಲೊಚಗುಟ್ಟಿದಳು.

“ಹೀಗಲ್ಲ ಕಣೇ. ಉದ್ದಕ್ಕೆಳೆದ್ರೆ ಸಂದಿಲಿ ಉಳ್ಕೊಳತ್ತೆ. ಸುತ್ತಿ ಸುತ್ತಿ ಉಜ್ಬೇಕು.”

ಚೀಲ ಕೆಳಗಿಟ್ಟಳು. ಇನ್ನೊಂದು ತುಂಡು ನಾರು ತೆಗೆದುಕೊಂಡು ಎದುರಿನ ಕೋಣೆಗೆ ಹೋದಳು. ಅಲ್ಲಿಂದಲೂ ಕರ್ ಕರ್ ಸದ್ದು ಶುರುವಾಯಿತು, ಜೊತೆಗೆ, ಏನು ಬೇಕು ಹೇಳಿ, ಏನು ಬೇಕು ಹೇಳಿ.

ಸಾಲಿನ ತುದಿಯಲ್ಲಿ ಯಾರೋ ಕೂಗಿದರು. ಬೂಟಿನ ಸದ್ದು, ಒಬ್ಬನದಲ್ಲ, ಹಲವರದು. ಪಕ್ಕದ ಸಾಲಿನ ಬಾಗಿಲಿನಿಂದ ಉದ್ದಕ್ಕನ ತಲೆ ಹೊರಗೆ ಬಂದು, ಕಂಡು, ಹಾಗೇ ನಿಂತಿತು.

ಮೂಕಿ ತಿರುಗಿ ನೋಡಲಿಲ್ಲ. ಮುಂದಿನ ಗಾಜಿನಲ್ಲಿ ತುಟಿಯ ಹತ್ತಿರ ಬಂದಿದ್ದಳು. ಕೈಯಲ್ಲಿದ್ದ ನಾರು ಪುಡಿಪುಡಿಯಾಗಿ ಉದುರುತ್ತಿತ್ತು, ಬೆರಳ ತುದಿಯಲ್ಲಿ ರಕ್ತ ಕಾಣುತ್ತಿತ್ತು. ನೋವಾಗುತ್ತಿತ್ತೋ ಇಲ್ಲವೋ.

“ದೊಡ್ಡಮ್ಮಾ,” ಎಂದು ಕೂಗಿದಳು, ಆ ಹಡಗಿನಲ್ಲಿ ಅವಳು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. “ಇನ್ನೊಂದು ತುಂಡು ಕೊಡು. ಇದು ಸವೆದುಹೋಯ್ತು.”