ಗಾಜಿಗೆ ಎರಡು ಬಡಿತ

"ನಾನು ನಟಿಸೋದು ನಿಲ್ಲಿಸಿದ ತಕ್ಷಣ ಎಲ್ಲರೂ ತಿರುಗಿ ನಿಮ್ಮಣ್ಣನ ಮುಖ ನೋಡ್ತಾರೆ. ಅದಕ್ಕೇ ನಿಲ್ಲಿಸಲ್ಲ," ಎಂದರು ಭಾವ, ಕನ್ನಡಿಯೊಳಗಿಂದ ನನ್ನನ್ನೇ ನೋಡುತ್ತಾ.

ಮೇಕಪ್ಪಿನವಳು ಬಿಸಿನೀರು ತರಲು ಹೊರಗೆ ಹೋಗಿದ್ದಳು. ಆ ಸಂದಿಯಲ್ಲೇ ನಾನು ಮಾತು ತೆಗೆದಿದ್ದೆ. ಅಂದರೆ ಭಾವನಿಗೂ ಗೊತ್ತಿತ್ತು! ನಾನೊಬ್ಬಳೇ ಕಂಡುಕೊಂಡೆ ಎಂದು ಒಳಗೊಳಗೇ ಬೆಂದದ್ದೆಲ್ಲ ದಂಡ.

ನಮ್ಮಣ್ಣ ನಿರ್ದೇಶಕ, ಅಕ್ಕನ ಗಂಡ ನಟ. ನಾನು ಎಡಿಟರು, ಅವರಿಬ್ಬರ ಬಾಯಲ್ಲಿ ನನ್ನ ಹೆಸರೇ ಕತ್ತರಿ. ಅಣ್ಣ ಬೇರೆ ನಾಯಕನನ್ನು ಇಟ್ಟುಕೊಂಡು ಚಿತ್ರ ಮಾಡಿದವನಲ್ಲ. ಭಾವ ಬೇರೆಯವರ ಚಿತ್ರಗಳಿಗೂ ಹೋಗುತ್ತಿದ್ದರು, ಆದರೆ ನೆಂಟರ ಮನೆಯಲ್ಲಿ ಊಟಕ್ಕೆ ಕೂತವರ ಹಾಗೆ ನಾಜೂಕಾಗಿ ನಟಿಸಿ ಎದ್ದು ಬರುತ್ತಿದ್ದರು. "ಮದುವೆಯಾಗಿದ್ದು ನನ್ನನ್ನ, ಸಂಸಾರ ಮಾಡ್ತಿರೋದು ನನ್ನ ತಮ್ಮನ ಜೊತೆ," ಎಂದು ಅಕ್ಕ ಬಂದವರೆದುರಿಗೆಲ್ಲ ಹಂಗಿಸುತ್ತಾಳೆ.

ಅವರಿಬ್ಬರ ಮೊದಲ ಚಿತ್ರದಲ್ಲಿ ಒಬ್ಬ ಅಪ್ಪ ಬಸ್ ನಿಲ್ದಾಣದಲ್ಲಿ ಮಗಳಿಗಾಗಿ ಕಾಯುವ ದೃಶ್ಯವಿತ್ತು. ಮಗಳು ಬರುವುದಿಲ್ಲ, ದೃಶ್ಯ ಮುಗಿಯುತ್ತದೆ. ಆದರೆ ಅಣ್ಣ ಅಳುತ್ತಾ ನಿಂತುಬಿಟ್ಟಿದ್ದ, ಕಟ್ ಹೇಳುವುದೇ ಮರೆತಿತ್ತು. ಹೇಳಲಿಲ್ಲವಲ್ಲ ಎಂದು ಭಾವ ಮುಂದುವರಿಸಿದರು. ಜೇಬಿನಲ್ಲಿದ್ದ ಕಿತ್ತಳೆ ಸುಲಿದು, ಪಕ್ಕದ ಖಾಲಿ ಜಾಗದಲ್ಲಿ ತೊಳೆ ತೊಳೆಯಾಗಿ ಜೋಡಿಸಿಟ್ಟರು. ಬರೆದದ್ದರಲ್ಲಿ ಅದು ಇರಲೇ ಇಲ್ಲ. ಜನ ನೆನಪಿಟ್ಟುಕೊಂಡದ್ದು ಅದೊಂದನ್ನೇ.

ಅಂದಿನಿಂದ ಅದೇ ಕಟ್ಟಳೆಯಾಯಿತು. ಬರೆದದ್ದು ಮುಗಿದ ಮೇಲೂ ಭಾವ ನಟಿಸುತ್ತಲೇ ಇರಬೇಕು. ಅಣ್ಣ "ಸಾಕು ಭಾವ" ಎಂದಾಗ ಮಾತ್ರ ನಿಲ್ಲಬೇಕು. ಬೇರೆ ಯಾರೂ ತುಟಿ ಬಿಚ್ಚುವಂತಿಲ್ಲ. ನಡುವೆ ಸೀನಿದ್ದಕ್ಕೆ ಕ್ಯಾಮೆರಾದವರ ಜೊತೆ ಅಣ್ಣ ಒಂದಿಡೀ ವಾರ ಮಾತು ಬಿಟ್ಟಿದ್ದ. ಹೀಗೆ ಉಳಿಯುವ ಹೆಚ್ಚಿನ ಭಾಗಕ್ಕೆ ನಮ್ಮಲ್ಲಿ ಬಾಲ ಎನ್ನುತ್ತೇವೆ. ಬಾಲದಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಕತ್ತರಿಸಬೇಕು ಎಂಬುದೇ ನನ್ನ ಅನ್ನ.

ಈ ಚಿತ್ರದಲ್ಲಿ ಬಾಲಗಳು ಬೆಳೆಯತೊಡಗಿದವು. ಇಬ್ಬರಿಗೂ ವಯಸ್ಸಾಯಿತು, ಆಸೆ ಹೆಚ್ಚಾಗಿದೆ ಎಂದುಕೊಂಡೆ. ಆಮೇಲೊಂದು ಅಡುಗೆಮನೆಯ ದೃಶ್ಯ ನನ್ನ ಎಡಿಟಿಂಗ್ ಮೇಜಿಗೆ ಬಂತು. ಭಾವ ಕಿಟಕಿಯ ಬಳಿ ನಿಂತು ಲೋಟ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ತೊಳೆದು ಮತ್ತೆ ಒರೆಸುತ್ತಾರೆ. ಕಿಟಕಿಯ ಗಾಜಿನಲ್ಲಿ ಏನೋ ಬೆಳ್ಳಗೆ ಕಂಡಿತು. ಬೆಳಕು ಹೆಚ್ಚಿಸಿ ನೋಡಿದೆ. ಅಣ್ಣನ ಮುಖ. ಬಾಯಿ ಅರ್ಧ ತೆರೆದಿತ್ತು. ಕಣ್ಣು ತೆರೆದೇ ಇತ್ತು, ಆದರೆ ನೋಡುತ್ತಿರಲಿಲ್ಲ. ದೀಪ ಉರಿಸಿಟ್ಟು ಮನೆಯವರೆಲ್ಲ ಎಲ್ಲಿಗೋ ಹೋದಂತಿತ್ತು. ಬಹಳ ಹೊತ್ತಿನ ಮೇಲೆ ಆ ಮುಖ ಕಣ್ಣು ಮಿಟುಕಿಸಿತು. "ಸಾಕು ಭಾವ" ಎಂದಿತು. ನಾನು ಕುರ್ಚಿಯನ್ನು ಹಿಂದಕ್ಕೆ ತಳ್ಳಿದ್ದೆ, ಒಬ್ಬಳೇ ಇದ್ದ ಕೋಣೆಯಲ್ಲಿ.

"ಡಾಕ್ಟರಿಗೆ ತೋರಿಸೋಣ ಭಾವ."

"ನಿರ್ಮಾಪಕರ ಕಿವಿಗೆ ಬಿದ್ರೆ ನಾಳೆಯೇ ಚಿತ್ರಾನ ಇನ್ನೊಬ್ಬನ ಕೈಗೆ ಕೊಡ್ತಾರೆ. ಅಲ್ಲಿಗೆ ಅವನ ಕಥೆ ಮುಗೀತು. ಇದೊಂದು ಮುಗೀಲಿ, ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೆ ನಾನು ಆಡ್ತಾ ಇದ್ರೆ ಜನ ನನ್ನನ್ನೇ ನೋಡ್ತಾರೆ. ಅಷ್ಟರಲ್ಲಿ ಅವನು ವಾಪಸ್ ಬರ್ತಾನೆ."

"ಇವತ್ತು ಐಸ್ ಫ್ಯಾಕ್ಟರಿ. ಚಿಲಕ ಹೊರಗಡೆ ಇದೆ. ಅಣ್ಣ ವಾಪಸ್ ಬರದೇ ಹೋದ್ರೆ?"

"ಯಾವತ್ತು ಬಂದಿಲ್ಲ ಹೇಳು. ನೀನು ಮಾತ್ರ ಬಾಯಿ ಬಿಡ್ಬೇಡ ಕತ್ತರಿ. ನಿಮ್ಮಕ್ಕನ ಮೇಲಾಣೆ."

ಮೇಕಪ್ಪಿನವಳು ಬಂದಳು. ಭಾವ ಅವಳ ಹೊಸ ಚಪ್ಪಲಿಯನ್ನು ಹೊಗಳತೊಡಗಿದರು.

ಐಸಿನ ಕೋಣೆಗೆ ದಪ್ಪ ಬಾಗಿಲು, ಅದರಲ್ಲೊಂದು ಪುಟ್ಟ ಗಾಜು. ಕಾವಲುಗಾರನೊಬ್ಬ ಒಳಗೆ ಸಿಕ್ಕಿಹಾಕಿಕೊಳ್ಳುವ ದೃಶ್ಯವದು. ಕ್ಯಾಮೆರಾ ಗಾಜಿನ ಹೊರಗಿತ್ತು, ಅದಕ್ಕೆ ಒತ್ತಿಕೊಂಡು ಅಣ್ಣ ನಿಂತಿದ್ದ. ಮಾತು ಒಳಗೆ ಕೇಳಿಸುವುದಿಲ್ಲವೆಂದು, ಸಾಕು ಎನ್ನಿಸಿದಾಗ ಅವನು ಉಂಗುರದಿಂದ ಗಾಜಿಗೆ ಎರಡು ಸಲ ಬಡಿಯುವುದೆಂದು ಮಾತಾಗಿತ್ತು. ಅಪ್ಪನ ಉಂಗುರ ಅದು. ಅಣ್ಣ ತೊಟ್ಟಮೇಲೆ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಕ್ಯಾಮೆರಾದ ಹಿಂದೆ ನಿರ್ಮಾಪಕರು ಕಿವಿಗೆ ಮಫ್ಲರ್ ಸುತ್ತಿಕೊಂಡು ಮಾನಿಟರಿನ ಮುಂದೆ ಕೂತಿದ್ದರು. ಉಳಿದವರೆಲ್ಲ ಅವರ ಬೆನ್ನಿಗಿದ್ದರು. ನಾನು ಅಣ್ಣನ ಪಕ್ಕಕ್ಕೆ ನುಸುಳಿ ನಿಂತೆ.

ಭಾವ ಬಾಗಿಲು ಗುದ್ದಿದರು, ಕೂಗಿದರು. ಕೊನೆಗೆ ಐಸಿನ ದಿಮ್ಮಿಯ ಮೇಲೆ ಕೂತು ಕೈ ಉಜ್ಜಿಕೊಂಡರು. ಬರೆದದ್ದು ಅಲ್ಲಿಗೆ ಮುಗಿಯಿತು.

ನಾನು ಅಣ್ಣನ ಮುಖ ನೋಡಿದೆ. ಅದರಲ್ಲಿ ಅಣ್ಣ ಇರಲಿಲ್ಲ.

ಒಳಗೆ ಭಾವ ಎದ್ದರು. ಅಂಗಿಯ ಗುಂಡಿ ಬಿಚ್ಚತೊಡಗಿದರು. ಅಂಗಿ ತೆಗೆದು ಐಸಿನ ಮೇಲೆ ಹಾಸಿ, ಸುಕ್ಕು ತೀಡಿ, ಮಗುವನ್ನು ಮಲಗಿಸುವಂತೆ ಅದರ ಮೇಲೆ ಮೆಲ್ಲಗೆ ತಟ್ಟಿದರು. ಹಿಂದಿನಿಂದ ನಿರ್ಮಾಪಕರು "ಆಹಾ" ಎಂದದ್ದು ಕೇಳಿಸಿತು.

ಭಾವ ನಡುಗುತ್ತಿದ್ದರು. ಆ ಮೈಯನ್ನು ನಾನು ಇಂಚಿಂಚು ಕತ್ತರಿಸಿ ಜೋಡಿಸಿದವಳು. ಅವರು ನಟಿಸುವಾಗ ನಡುಕ ಭುಜದಿಂದ ಶುರುವಾಗುತ್ತದೆ. ಇದು ದವಡೆಯಿಂದ ಶುರುವಾಗಿತ್ತು. ಅಣ್ಣಾ ಎಂದು ಉಸಿರಲ್ಲೇ ಕರೆದೆ. ತೋಳು ಚಿವುಟಿದೆ. ರೆಪ್ಪೆ ಕೂಡ ಅಲುಗಲಿಲ್ಲ. ಕೂಗಿದರೆ ಎಲ್ಲರೂ ತಿರುಗುತ್ತಾರೆ, ಈ ಮುಖ ನೋಡುತ್ತಾರೆ. ಭಾವನ ಆಣೆ, ಅಕ್ಕನ ಮುಖ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಇನ್ನೊಂದು ಚೂರು ನೋಡೋಣ ಎಂದುಕೊಂಡೆ. ಈಗ ಬರುತ್ತಾನೆ, ಈಗ ಬಂದ ಎಂದುಕೊಂಡೆ.

ಅಷ್ಟರಲ್ಲಿ ಭಾವನ ನಡುಕ ನಿಂತಿತು. ನಡುಗುವ ಶಕ್ತಿಯೂ ಮೈಯಲ್ಲಿ ಉಳಿದಿರಲಿಲ್ಲ.

"ಎಂಥಾ ಕಂಟ್ರೋಲು ಮೇಡಂ," ಎಂದು ಕ್ಯಾಮೆರಾದವರು ಕಣ್ಣು ತೆಗೆಯದೆ ಪಿಸುಗುಟ್ಟಿದರು.

ಭಾವ ನಿಧಾನವಾಗಿ ಗಾಜಿನ ಕಡೆ ತಿರುಗಿದರು. ಕ್ಯಾಮೆರಾವನ್ನಲ್ಲ, ಅದರ ಪಕ್ಕದಲ್ಲಿದ್ದ ಅಣ್ಣನನ್ನು ನೋಡಿದರು. ಇನ್ನೂ ಬಂದಿಲ್ಲವೆಂದು ಅವರಿಗೆ ತಿಳಿಯಿತು. ಮತ್ತೆ ತಿರುಗಿ ಅಂಗಿಯನ್ನು ತಟ್ಟತೊಡಗಿದರು. ಕೈ ಒಮ್ಮೆ ಅಂಗಿಗೆ ತಾಗಿತು, ಒಮ್ಮೆ ತಾಗಲಿಲ್ಲ.

ನಾನು ಅಣ್ಣನ ಕೈ ಹಿಡಿದೆತ್ತಿದೆ. ನಿದ್ದೆಹೋದವರ ಕೈಯಂತೆ ಭಾರವಾಗಿತ್ತು. ಅವನ ಉಂಗುರವನ್ನೇ ಗಾಜಿಗೆ ಎರಡು ಸಲ ಬಡಿದೆ.

ಬಾಗಿಲು ತೆಗೆದರು, ಕಂಬಳಿ ಹೊದಿಸಿದರು, ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದ ನಡುವೆ ಅಣ್ಣ ಕಣ್ಣು ಮಿಟುಕಿಸಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಸಾಕು ಭಾವ" ಎಂದ. ಆಮೇಲೆ ನನ್ನ ಮುಷ್ಟಿಯಲ್ಲಿದ್ದ ತನ್ನ ಕೈಯನ್ನು ನೋಡಿದ.

ಭಾವನನ್ನು ಹೊರಗೆ ಬಿಸಿಲಿನಲ್ಲಿ ಗೋಡೆಗೊರಗಿಸಿ ಕೂರಿಸಿದೆವು. ಭಾವನ ಬೆರಳಿಗೆ ಲೋಟ ಹಿಡಿಯಲಾಗುತ್ತಿರಲಿಲ್ಲ. ನಾನೇ ತುಟಿಗೆ ಹಿಡಿದು ಚಹಾ ಕುಡಿಸಿದೆ. ನಿರ್ಮಾಪಕರು ಬಂದು ಬಾಯ್ತುಂಬ ಹೊಗಳಿ ಹೋದರು. ಅವರು ಹೋದ ಮೇಲೆ ಅಣ್ಣ ಬಂದು ನಮ್ಮೆದುರು ಕುಕ್ಕರುಗಾಲಲ್ಲಿ ಕೂತ.

"ಕೊನೆಗೆ ಏನ್ ಮಾಡಿದ್ರು ಭಾವ?" ಎಂದು ನನ್ನನ್ನು ಕೇಳಿದ.

"ಅಂಗಿ ಬಿಚ್ಚಿ ಹಾಸಿದ್ರು."

"ನಾನು ನೋಡ್ಲಿಲ್ಲ."

ಒಳಗೆ ಫ್ಯಾಕ್ಟರಿಯ ಯಂತ್ರ ಗುರುಗುಟ್ಟುತ್ತಿತ್ತು.

"ಹಾಗಾದ್ರೆ ಇನ್ನೊಂದು ತಗೋಬೇಕು," ಎಂದ ಅಣ್ಣ.

ನನಗೆ ಸಿಟ್ಟು ನೆತ್ತಿಗೇರಿತು. ಮಾನಿಟರಿನಲ್ಲಿ ನೋಡಿಕೋ, ಸಾಯಿಸ್ತೀಯಾ ಅವರನ್ನ ಎಂದೆಲ್ಲ ಅಂದೆ. ಅಣ್ಣನ ದನಿ ಏರಲಿಲ್ಲ.

"ಭಾವನ್ನ ಯಾವತ್ತಾದ್ರೂ ಮಾನಿಟರಲ್ಲಿ ನೋಡಿದೀನೇನೆ? ನಾನು ಕಾಣದೇ ಇದ್ದದ್ದನ್ನ ಚೆನ್ನಾಗಿದೆ ಅಂತ ಹೇಗೆ ಇಟ್ಕೊಳ್ಳಲಿ?"

"ಬಿಡೇ ಕತ್ತರಿ," ಎಂದರು ಭಾವ, ಗೋಡೆ ಹಿಡಿದು ಏಳುತ್ತಾ. "ಇನ್ನೊಂದು ಕೇಳ್ತಿದಾನಲ್ಲ."

ಕಂಬಳಿ ಎಳೆದುಕೊಂಡು ಅವರು ಒಳಗೆ ನಡೆದರು. ಅಣ್ಣ ಕೂತಲ್ಲೇ ಕೂತು ಉಂಗುರ ತಿರುಚತೊಡಗಿದ. ಗೆಣ್ಣು ಊದಿತ್ತು, ಬರಲೊಲ್ಲದು. ಬೆರಳನ್ನು ಬಾಯಿಗಿಟ್ಟು ಒದ್ದೆ ಮಾಡಿ, ಹಲ್ಲು ಕಚ್ಚಿ ಎಳೆದ. ನನ್ನ ಮುಖ ನೋಡದೆ ಅದನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಚ್ಚಿದ.