ಮರಿಬಸಪ್ಪನ ವಿಮಾನ

"ಬಾಳೆಕಂಬ ಅಲುಗ್ಯಾಡತೈತಿ, ಇನ್ನಷ್ಟು ಬಿಗೀರಿ," ಎನ್ನುತ್ತಲೇ ಚನ್ನವೀರಮ್ಮ ಬಾಗಿಲಾಚೆ ಕಣ್ಣು ಹಾಯಿಸಿದಳು. ಬೀದಿ ಖಾಲಿಯಿತ್ತು.

ಬೆಳಗಿನ ಜಾವ ತೀರಿಕೊಂಡ ಗಂಡ ಮರಿಬಸಪ್ಪನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ. ಅವನನ್ನು ಕೂಡಿಸಿ ಹೊರುವ, ಬಿದಿರಿಗೆ ಬಾಳೆಕಂಬ ಕಟ್ಟಿದ ವಿಮಾನ ಅಂಗಳದಲ್ಲಿ ಸಿದ್ಧವಾಗುತ್ತಿತ್ತು. ಇಲ್ಲದ್ದು ಹೊರುವ ಹೆಗಲು. ಮೈದುನ ಗಾದೆಪ್ಪ, ಮಣ್ಣಿನ ವಿಧಿ ಮಾಡಿಸುವ ಅಯ್ಯನವರು, ಕರೂರಿನಿಂದ ಬಂದ ಇಬ್ಬರು ಮುದುಕರು, ಅಷ್ಟೇ.

"ಮಣ್ಣಿಗೆ ಯಾರೂ ಬರಂಗಿಲ್ಲೇನೋ ಗಾದೆಪ್ಪ?"

"ಬರ್ತಾರ ಅತ್ತಿಗಿ. ಸಿರುಗುಪ್ಪದ ಅಂಗಡಿಗೆ ಫೋನ್ ಮಾಡೀನಿ. ಹುಲುಗಪ್ಪ ಮಂದಿ ಕರ್ಕೊಂಡು ಬರ್ತಾನ."

ಎದುರು ಮನೆಯ ಓಬಣ್ಣ ತನ್ನ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿದ್ದ. ಇಳಿದು ಬಂದಿರಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಮಾಡಿದ ಮಹರಾಯ ಹೋಗಿಬಿಟ್ಟಿದ್ದ, ಉಣ್ಣುವುದು ಅವಳ ಪಾಲಿಗೆ ಬಂದಿತ್ತು.

*

ಬಳ್ಳಾರಿಗೆ ವಿಡಿಯೋ ಗೇಮ್ ತಂದವನೇ ತಾನೆಂದು ಮರಿಬಸಪ್ಪ ಹೇಳಿಕೊಳ್ಳುತ್ತಿದ್ದ. ಊರಲ್ಲೊಂದು, ಸಿರುಗುಪ್ಪದಲ್ಲೊಂದು, ಕುರುಗೋಡಿನಲ್ಲೊಂದು ಅಂಗಡಿ. ಹೆಚ್ಚು ಓಡುತ್ತಿದ್ದದ್ದು ಸಿರುಗುಪ್ಪದ ವಿಮಾನದ ಆಟ. ಒಂದು ಬಿಲ್ಲೆ ಹಾಕಿದರೆ ಮೂರು ಜೀವ. ಕಾಲೇಜಿನವರು ಕೈ ಪಳಗಿಸಿಕೊಂಡು ತಾಸುಗಟ್ಟಲೆ ಆಡತೊಡಗಿದಾಗ ಒಳಗಿನ ಸ್ವಿಚ್ಚು ತಿರುಗಿಸಿ ಒಂದು ಜೀವ ಕಡಿಮೆ ಮಾಡಿಸಿದ.

"ಜಲ್ದಿ ಸಾಯ್ಲಿ, ಇನ್ನೊಂದು ಬಿಲ್ಲಿ ಹಾಕ್ತಾರ," ಎಂದು ನಕ್ಕಿದ್ದ.

ಓಣಿಯ ಯಾರ ಮಣ್ಣಿಗೂ ಅವನು ಹೋದವನಲ್ಲ. ಓಬಣ್ಣನ ತಾಯಿ ಸತ್ತದ್ದು ಅಂಗಡಿ ತುಂಬುವ ಹಬ್ಬದ ರಜೆಯಲ್ಲಿ. "ಎದುರು ಮನಿ, ಮಣ್ಣಿಗೆ ಹೋಗಿ ಬರ್ರಿ," ಎಂದಿದ್ದಳು ಚನ್ನವೀರಮ್ಮ.

"ನಾ ಹೋದ್ರ ಸತ್ತೋರು ಎದ್ದು ಬರ್ತಾರೇನು? ಅಂಗಡ್ಯಾಗ ಗಿರಾಕಿ ಎದ್ದು ಹೋಗ್ತಾರ."

ಆಗ ಆ ಮಾತಿಗೆ ಅವಳೂ ನಕ್ಕಿದ್ದಳು.

*

ಲಾರಿಯೊಂದು ಬಂದು ನಿಂತಿತು. ಸಿರುಗುಪ್ಪದ ಅಂಗಡಿ ನೋಡಿಕೊಳ್ಳುವ ಹುಲುಗಪ್ಪನ ಹಿಂದೆ ಅಕ್ಕಿ ಗಿರಣಿಯ ಆರು ಜನ ಹಮಾಲರು, ಹೆಗಲ ಮೇಲೆ ಗೋಣಿತಾಟು ಹಾಕಿಕೊಂಡು, ನಗುತ್ತ ಇಳಿದರು.

"ಎಲ್ಲೈತ್ರಿ ವಿಮಾನ? ರಿಪೇರಿ ಆತಂತಲ್ಲ? ಲಾರಿಗೆ ಏರಿಸಾಕ ಮಂದಿ ತಂದೀನಿ!"

ಗಾದೆಪ್ಪ ಬೆಪ್ಪಾದ. ಸಾವಿನ ಮಾತು ಬಾಯಿಗೆ ಬಾರದೆ ಅವನು ಫೋನಿನಲ್ಲಿ, "ವಿಮಾನ ರೆಡಿ ಆಗೈತಿ, ಎತ್ತಾಕ ಮಂದಿ ಕರ್ಕೊಂಡು ಬಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟಿದ್ದ. ಸಿರುಗುಪ್ಪದ ವಿಮಾನದ ಆಟದ ಯಂತ್ರ ಕೆಟ್ಟು ಬಳ್ಳಾರಿಗೆ ರಿಪೇರಿಗೆ ಬಂದಿತ್ತು. ಹುಲುಗಪ್ಪ ಅದನ್ನೇ ಒಯ್ಯಲು ಬಂದಿದ್ದ.

ಅವನು ಬಾಳೆಕಂಬ ನೋಡಿದ, ಒಳಗೆ ಇಣುಕಿದ, ಅಲ್ಲೇ ಕೈ ಮುಗಿದ. ಹಮಾಲರು ಮುಖಮುಖ ನೋಡಿಕೊಂಡರು.

ಚನ್ನವೀರಮ್ಮ ಹೊಸ್ತಿಲು ದಾಟಿ ಬಂದಳು. "ನಿಮಗ ತಿಳಿದದ್ದು ಬ್ಯಾರೆ, ಇಲ್ಲಿರೋದು ಬ್ಯಾರೆ. ಹೊರ್ತೀರೇನಪ್ಪಾ?"

"ಹೊರೋದು ನಮ್ಮ ಕಸುಬವ್ವಾ," ಎಂದ ಹಿರಿಯ ಹಮಾಲ. ಅಯ್ಯನವರು ವಿಭೂತಿಯ ಬಟ್ಟಲನ್ನು ಅವನ ಮುಂದೆ ಹಿಡಿದರು.

ಮರಿಬಸಪ್ಪನನ್ನು ತಂದು ವಿಮಾನದಲ್ಲಿ ಕೂಡಿಸಿದರು. ಯಂತ್ರದ ಭಾರಕ್ಕೆಂದು ಸಜ್ಜಾಗಿ ಬಂದ ಹೆಗಲುಗಳು ಒಂದೇ ಉಸಿರಿಗೆ ಎತ್ತಿದವು. ಮರಿಬಸಪ್ಪ ಅಷ್ಟು ಭಾರವಿರಲಿಲ್ಲ. ವಿಮಾನ ಸರ್ರನೆ ಮೇಲೆದ್ದು ಓಬಣ್ಣನ ಮನೆಯತ್ತ ವಾಲಿತು. ರುಮಾಲು ಸುತ್ತಿದ ತಲೆ ಮುಂದಕ್ಕೆ ಬಾಗಿತು.

ಓಬಣ್ಣ ದಡಕ್ಕನೆ ಎದ್ದ. ತನ್ನ ಬಾಗಿಲಿಗೆ ಬಾಗಿದ ಆ ತಲೆಯನ್ನೇ ನೋಡುತ್ತ ನಿಂತ. ಆಮೇಲೆ ಬೀಡಿ ಒಗೆದು, ಚಪ್ಪಲಿ ಕಟ್ಟೆಯಲ್ಲೇ ಬಿಟ್ಟು, ಬರಿಗಾಲಲ್ಲಿ ಬೀದಿಗಿಳಿದು, ವಾಲಿದ ಕಡೆಯ ಬಿದಿರಿಗೆ ಹೆಗಲು ಕೊಟ್ಟ.