ಐದು ಮೊಗ್ಗು

ಮೇಣದಕ್ಕನಿಗೆ ಆ ಹೆಸರು ಬಂದದ್ದು ಮೇಣದಿಂದಲೇ. ಸಸ್ಯಶಾಸ್ತ್ರ ವಿಭಾಗದ ಮೂಲೆಯ ಕೋಣೆಯಲ್ಲಿ ಕೂತು, ಮೊಗ್ಗುಗಳನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿಗೆ ಅಂಟಿಸಿ ಬಣ್ಣ ಹಾಕುವುದು ಅವಳ ಕೆಲಸ. ಇಪ್ಪತ್ತೊಂದು ವರ್ಷದಲ್ಲಿ ಅವಳ ಕೈಯಲ್ಲಿ ಒಂದು ಸೀಳೂ ಸುಕ್ಕಾಗಿಲ್ಲವೆಂದು ಮೇಷ್ಟ್ರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಆ ಹೊಗಳಿಕೆಗೆ ಇವಳೂ ಉಬ್ಬುತ್ತಿದ್ದಳು, ಸುಳ್ಳೇಕೆ.

ಅಂಗಳದಾಚೆ ಗಾಜಿನ ಮನೆ. ಅಲ್ಲಿನ ಮಾಲಿ ಅವಳ ಸೋದರಮಾವ. ಇವಳನ್ನು ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಅಲ್ಲಿದ್ದ ಒಂದು ಮರವೆಂದರೆ ಅವನಿಗೆ ಪಂಚಪ್ರಾಣ. ಆ ಜಾತಿಯದು ಭೂಮಿಯ ಮೇಲೆ ಇನ್ನೊಂದಿಲ್ಲ. ಕಡ್ಡಿ ನೆಟ್ಟರೆ ಚಿಗುರುವುದಿಲ್ಲ, ಹೂ ಬಿಟ್ಟರೂ ಬೀಜ ಕಟ್ಟುವುದಿಲ್ಲ. ವರ್ಷವರ್ಷವೂ ಮಾವ ಅರ್ಧ ಹೂಗಳಿಗೆ ಕುಂಚದಿಂದ ಪರಾಗ ಸವರಿ ಕಾಯುತ್ತಿದ್ದ. ಉಳಿದರ್ಧ ಮೊಗ್ಗಿನಲ್ಲೇ ಇವಳ ಕೋಣೆಗೆ ಬರುತ್ತಿದ್ದವು.

ಮೊಗ್ಗಿನೊಳಗಿನ ಕಥೆ ಅವಳಿಗೆ ಬಾಯಿಪಾಠ. ಅಂಡಾಶಯದ ಒಳಗೋಡೆಯಲ್ಲಿ ಗುಳ್ಳೆಯಂಥದೊಂದು ಎದ್ದು ಅಂಡಕವಾಗುತ್ತದೆ. ಸುತ್ತ ಎರಡು ಹೊದಿಕೆ ಬೆಳೆದು, ತುದಿಯಲ್ಲೊಂದು ಕಿಂಡಿ ಬಿಟ್ಟು ಮುಚ್ಚಿಕೊಳ್ಳುತ್ತವೆ. ಒಳಗಿನ ತಾಯಿಕೋಶ ಒಡೆದು ನಾಲ್ಕಾಗುತ್ತದೆ. ಅದರಲ್ಲಿ ಮೂರು ಸಾಯುವುದು ಸಾಮಾನ್ಯವಾಗಿ ಎಲ್ಲ ಹೂವಿನಲ್ಲೂ ಇದ್ದದ್ದೇ. ನಾಲ್ಕನೆಯದು ಬದುಕಿ, ಹಿಗ್ಗಿ, ಅದರೊಳಗೆ ಎಂಟು ನ್ಯೂಕ್ಲಿಯಸ್ ಮೂಡಬೇಕು. ಅದರಲ್ಲೊಂದು ಬೀಜದ ತಾಯಿಯಾಗಬೇಕು. ಈ ಮರದಲ್ಲಿ ಆ ನಾಲ್ಕನೆಯದೂ ಸಾಯುತ್ತಿತ್ತು. ಹೊದಿಕೆ ಸರಿ, ಕಿಂಡಿ ಸರಿ, ಒಳಗೆ ಮಾತ್ರ ಖಾಲಿ.

ಈ ವರ್ಷ ಬೇರು ಕೊಳೆಯಿತು. ಎಲೆಯೆಲ್ಲ ಉದುರಿದ ಮೇಲೆ ಮರ ಒಂದೊಂದೂ ಒಂದೊಂದು ಗಾತ್ರದ ಐದೇ ಐದು ಮೊಗ್ಗು ಬಿಟ್ಟಿತು. ಇದು ಕೊನೆಯ ಹೂವೆಂದು ಎಲ್ಲರಿಗೂ ಗೊತ್ತಿತ್ತು. ಅಂಡಕ ಬೆಳೆಯುವ ಐದು ಹಂತಗಳದೂ ಒಂದು ಪೂರ್ತಿ ಸರಣಿ ಸಿಕ್ಕರೆ ಚೆನ್ನ ಎಂದರು ಮೇಷ್ಟ್ರು.

"ದೊಡ್ಡದೊಂದನ್ನ ಬಿಟ್ಬಿಡೇ," ಎಂದ ಮಾವ. "ನಾಡಿದ್ದು ಅರಳತ್ತೆ. ಕುಂಚ ಆಡಿಸಿ ನೋಡ್ತೀನಿ."

"ಇಷ್ಟು ವರ್ಷ ಕೊಡದೇ ಇದ್ದದ್ದು ಈಗ ಕೊಡತ್ತಾ ಮಾವಾ? ಅದಿಲ್ದೆ ಸರಣಿ ಅರ್ಧಂಬರ್ಧ ಆಗತ್ತೆ."

"ಈ ಸಲ ಚಳೀಲಿ ಹೀಟರ್ ಕೆಟ್ಟಿತ್ತಲ್ಲ. ಮರ ಯಾಕೋ ಬೇರೆ ಥರ ಕಾಣ್ತಿದೆ ಕಣೇ."

"ನಿನಗೆ ಪ್ರತಿ ವರ್ಷಾನೂ ಬೇರೆ ಥರಾನೇ ಕಾಣತ್ತೆ!" ಎಂದು ನಕ್ಕು, ಅವಳು ಐದನ್ನೂ ಚಿವುಟಿ ಆಮ್ಲದ ಸೀಸೆಗೆ ಹಾಕಿದಳು. ಅದರಲ್ಲಿ ಬಿದ್ದದ್ದು ಅಲ್ಲೇ ಸಾಯುತ್ತದೆ. ಕೊಲ್ಲದೆ ನೋಡುವ ದಾರಿ ಅವಳ ಕಸುಬಿನಲ್ಲಿಲ್ಲ.

ಎರಡು ವಾರದ ನಂತರ, ದೊಡ್ಡ ಮೊಗ್ಗಿನ ಮೇಣ ಸೀಳುವ ಯಂತ್ರದ ಬಾಯಿಂದ ಲಾಡಿಯಂತೆ ಇಳಿಯಿತು. ಒಂದು ಸೀಳೂ ಸುಕ್ಕಾಗಿರಲಿಲ್ಲ. ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಎಣಿಸಿದಳು. ಕಿಂಡಿಯ ಬಳಿ ಮೂರು, ನಡುವೆ ಎರಡು, ತಳದಲ್ಲಿ ಮೂರು. ಎಂಟು. ಕಣ್ಣುಜ್ಜಿಕೊಂಡು ಪಕ್ಕದ ಅಂಡಕ ನೋಡಿದಳು. ಅಲ್ಲೂ ಎಂಟು. ಆ ಮೊಗ್ಗಿನಲ್ಲಿದ್ದ ಹನ್ನೆರಡು ಅಂಡಕಗಳೂ ತುಂಬಿದ್ದವು.

ಚಳಿ ತಗಲಬಾರದೆಂದು ಮಾವ ಇಷ್ಟು ವರ್ಷ ಹಸುಗೂಸಿನ ಹಾಗೆ ಬೆಚ್ಚಗಿಟ್ಟಿದ್ದ ಮರ ಅದು. ಅದಕ್ಕೆ ಬೇಕಿದ್ದದ್ದು ಚಳಿಯೇ ಇರಬೇಕು. ಅದು ಸಿಕ್ಕ ಒಂದೇ ವರ್ಷ ಇವಳು ಒಂದು ಮೊಗ್ಗನ್ನೂ ಉಳಿಸಲಿಲ್ಲ. ಸರಣಿಯಂತೆ, ಸರಣಿ! ತನ್ನ ಕೈಯ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು.

ಬಾಗಿಲಲ್ಲಿ ಮಾವ ಬಂದು ನಿಂತಿದ್ದ. ಬೆಳಿಗ್ಗೆಯಷ್ಟೇ ಮರ ಕಡಿದಾಗಿತ್ತು. ಕಣ್ಣಿಗೆ ಪೊರೆ ಬಂದಮೇಲೆ ಅವನು ಸೂಕ್ಷ್ಮದರ್ಶಕದ ಹತ್ತಿರ ಬರುವುದನ್ನು ಬಿಟ್ಟಿದ್ದ.

"ಏನೇ, ಈ ಸಲಾನೂ ಖಾಲೀನಾ?"

ಅವಳು ದೀಪ ಆರಿಸಿದಳು. "ಖಾಲಿ, ಮಾವಾ."

"ಸದ್ಯ!" ಅವನು ಉಸ್ಸೆಂದು ಸ್ಟೂಲಿನ ಮೇಲೆ ಕೂತ. "ಒಂದು ಬಿಡು ಅಂತ ಗೋಳು ಹುಯ್ಕೊಂಡೆ ನಿನ್ನ. ಬಿಟ್ಟಿದ್ರೂ ಅಷ್ಟೇ ಆಗ್ತಿತ್ತು. ಎರಡು ವಾರದಿಂದ ನಿದ್ದೆ ಇರಲಿಲ್ಲ ನನಗೆ."

ಅವಳಿಗೆ ತಡೆಯಲಾಗಲಿಲ್ಲ. ಮೇಜಿಗೆ ತಲೆಯಿಟ್ಟು ಬಿಕ್ಕಿದಳು.

ಮಾವ ಗಾಬರಿಯಾಗಿ ಎದ್ದು ಅವಳ ತಲೆ ಸವರಿದ. ಅವನ ಅಂಗೈಗೆ ಇನ್ನೂ ಮರದ ಹೊಟ್ಟು ಅಂಟಿತ್ತು.

"ಅಯ್ಯೋ ಹುಚ್ಚೀ," ಎಂದ, "ಗೊಡ್ಡು ಮರಕ್ಕೆ ಯಾರಾದ್ರೂ ಅಳ್ತಾರೇನೇ?"